ಸೂಪರ್ ಮಾರ್ಕೆಟ್ ಕೆಲಸಕ್ಕೆ ಸೇರುವವರಿಗೆ

ತುಮಕೂರಿನಲ್ಲಿ ಸೂಪರ್ ಮಾರ್ಕೆಟ್ ಕೆಲಸಕ್ಕೆ ಹೊಸದಾಗಿ ಸೇರುವವರು ದಯವಿಟ್ಟು ಓದಿ. 25 ಕೆಜಿ ಅಕ್ಕಿ ಮೂಟೆಯನ್ನು ಸೊಂಟ ಬಗ್ಗಿಸಿ ಎತ್ತಬೇಡಿ. ಮಂಡಿ ಮಡಚಿ, ಮೂಟೆಯನ್ನು ಎದೆಗೆ ಒತ್ತಿಕೊಂಡು, ಕಾಲಿನ ಬಲದಲ್ಲಿ ಏಳಿ. ತಿರುಗುವಾಗ ಸೊಂಟ ತಿರುಚದೆ ಹೆಜ್ಜೆ ಇಟ್ಟು ತಿರುಗಿ. ಬೆನ್ನು ಹೋದರೆ ಸಂಬಳವೆಲ್ಲ ಆಸ್ಪತ್ರೆಗೇ, ಅಲ್ವಾ? ಬಿಲ್ಲಿಂಗ್‌ನಲ್ಲಿ ನಿಲ್ಲುವವರು ಕಾಲ ಕೆಳಗೆ ದಪ್ಪ ರಟ್ಟು ಹಾಕಿಕೊಳ್ಳಿ.

ಲೋಡ್ ಬಂದಾಗ ಫೋನ್ ಹಿಡಿದು ಮಾಯವಾಗುವವರು ಎಲ್ಲ ಕಡೆ ಇರುತ್ತಾರೆ. ಅವರ ಜೊತೆ ಸುಮ್ನೆ ಜಗಳ ಬೇಡ. ಯಾವತ್ತು ಯಾರ ಸರದಿ ಅಂತ ಸೂಪರ್‌ವೈಸರ್ ಕೈಲೇ ಬರೆಸಿ ಗೋಡೌನ್ ಬಾಗಿಲಿಗೆ ಅಂಟಿಸಿ. ಹೆಸರು ಎದುರಿಗೇ ಇದ್ದರೆ ನುಣುಚಿಕೊಳ್ಳುವುದು ಕಷ್ಟ.

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ, ಒಂದೇ ಸಮ 5 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ನಡುವೆ 1 ಗಂಟೆ ಬಿಡುವು ಕೊಡಲೇಬೇಕು. ಸಂಕೋಚವಿಲ್ಲದೆ ಕೇಳಿ.