ಒಣ ಕಾಲದ ನೆರೆ: ಮೊರೆಮಿಯಲ್ಲಿ ನಾವೇ ಓಡಿಸಿಕೊಂಡು ಹೋದ ಸಫಾರಿ

ಬೋಟ್ಸ್ವಾನಾಕ್ಕೆ ಹೋಗುವುದೆಂದಾದ ಮೇಲೆ ಮನೆಯಲ್ಲಿ ಹೆಚ್ಚು ವಾದ ನಡೆದದ್ದು ಯಾವ ತಿಂಗಳು ಎಂಬುದರ ಮೇಲೆ. ಪ್ರಾಣಿಗಳಿಗಾಗಿಯೇ ಹೋಗುವವರು ಸೆಪ್ಟೆಂಬರ್, ಅಕ್ಟೋಬರ್ ಆರಿಸಿಕೊಳ್ಳುತ್ತಾರೆ. ನೀರು ಬತ್ತಿರುತ್ತದೆ, ಆನೆ, ಸಿಂಹ, ಜೀಬ್ರಾ ಎಲ್ಲ ಉಳಿದ ಹೊಂಡಗಳ ಸುತ್ತ ಸೇರಿರುತ್ತವೆ. ಬಿಸಿಲು ಮಾತ್ರ 40 ಡಿಗ್ರಿ ಮುಟ್ಟುತ್ತದೆ. ನಾನು ಜುಲೈ ಎಂದು ಪಟ್ಟು ಹಿಡಿದೆ. ಒಕವಾಂಗೊ ನದಿಯ ಮುಖಜ ಭೂಮಿಯಲ್ಲಿ ನೀರು ಬರುವುದನ್ನು ನೋಡದಿದ್ದರೆ, ಕಬಿನಿಯಲ್ಲೇ ಸಿಗುವ ಆನೆಗಾಗಿ ಸಮುದ್ರ ದಾಟಿದ ಹಾಗಾಗುತ್ತದೆ ಎಂದೆ. ಹೆಂಡತಿ ಒಪ್ಪಲಿಲ್ಲ, ಆದರೆ ಟಿಕೆಟ್ ಜುಲೈಗೇ ಆಯಿತು.

ಇಲ್ಲಿನ ನೀರಿನ ಲೆಕ್ಕವೇ ಬೇರೆ. ಮಳೆ ಬೀಳುವುದು ಅಂಗೋಲಾದ ಎತ್ತರದ ನಾಡಿನಲ್ಲಿ, ಜನವರಿ ಫೆಬ್ರವರಿಯ ಆಸುಪಾಸು. ಕುಬಾಂಗೊ, ಕ್ವಿಟೊ ನದಿಗಳು ಸೇರಿ ಒಕವಾಂಗೊ ಆಗಿ ಆ ನೀರನ್ನು ನಮೀಬಿಯಾದ ಕಿರಿದಾದ ಪಟ್ಟಿಯೊಂದನ್ನು ದಾಟಿಸಿ ಬೋಟ್ಸ್ವಾನಾದ ಮೊಹೆಂಬೊಗೆ ತರುತ್ತವೆ. ಅಲ್ಲಿಂದ ಮುಂದೆ ಕಲಹಾರಿಯ ಮರಳು. ಮೌನ್ ಪಟ್ಟಣದವರೆಗಿನ ಸುಮಾರು 250 ಕಿ.ಮೀ. ದೂರಕ್ಕೆ ಇಳಿಜಾರು 60 ಮೀಟರ್ ಅಷ್ಟೇ. ಹೀಗಾಗಿ ನೀರು ಹರಿಯುವುದಕ್ಕಿಂತ ಹರಡುವುದೇ ಹೆಚ್ಚು. ಜೂನ್‌ನಿಂದ ಆಗಸ್ಟ್ ನಡುವೆ, ಸುತ್ತಲ ನಾಡು ಒಂದು ಹನಿ ಮಳೆಯಿಲ್ಲದೆ ಒಣಗಿ ನಿಂತಿರುವಾಗ, ಮುಖಜ ಭೂಮಿ ತುಂಬಿಕೊಳ್ಳುತ್ತದೆ. ಸಮುದ್ರಕ್ಕೆ ಒಂದು ಬೊಗಸೆಯೂ ಹೋಗದು. ಬಹುಪಾಲು ಆವಿಯಾಗಿ, ಗಿಡಮರಗಳ ಮೂಲಕ ಗಾಳಿಗೆ ಸೇರಿ ಮುಗಿಯುತ್ತದೆ. ಯುನೆಸ್ಕೊ 2014ರಲ್ಲಿ ಈ ಮುಖಜ ಭೂಮಿಯನ್ನು ತನ್ನ ಪಟ್ಟಿಯ 1000ನೇ ವಿಶ್ವ ಪರಂಪರೆ ತಾಣವಾಗಿ ಸೇರಿಸಿಕೊಂಡಿತು.

ಮುಖಜ ಭೂಮಿಯ ಒಳಗಿನ ಲಾಡ್ಜ್‌ಗಳಿಗೆ ಪುಟ್ಟ ವಿಮಾನದಲ್ಲಿ ಹೋಗಬೇಕು, ಖರ್ಚು ಕೈಗೆಟುಕುವಂಥದ್ದಲ್ಲ. ನಾವು ಮೌನ್‌ನಲ್ಲಿ ಛಾವಣಿ ಮೇಲೆ ಟೆಂಟ್ ಇರುವ ಫೋರ್ ವೀಲ್ ಡ್ರೈವ್ ಗಾಡಿ ಬಾಡಿಗೆಗೆ ತೆಗೆದುಕೊಂಡೆವು. ಅಲ್ಲೂ ರಸ್ತೆಯ ಎಡಬದಿಯಲ್ಲೇ ಓಡಿಸುವುದು, ಅಷ್ಟು ನೆಮ್ಮದಿ. ನಾವು ಹೊರಟಿದ್ದ ಮೊರೆಮಿ, ಮುಖಜ ಭೂಮಿಯ ಒಂದು ಭಾಗವನ್ನು ಒಳಗೊಂಡ ಮೀಸಲು ಅರಣ್ಯ. ಅದರ ಒಳಗೆ ಪೆಟ್ರೋಲ್ ಬಂಕ್ ಇಲ್ಲ, ಅಂಗಡಿ ಇಲ್ಲ. ಡೀಸೆಲ್, ಕುಡಿಯುವ ನೀರು, ಅಕ್ಕಿ, ಈರುಳ್ಳಿ, ಸೌದೆ ಎಲ್ಲ ಮೌನ್‌ನಲ್ಲೇ ತುಂಬಿಕೊಂಡೆವು. ಅವಲಕ್ಕಿ, ಚಟ್ನಿಪುಡಿ ಊರಿಂದಲೇ ಬಂದಿದ್ದವು. ಟಾರು ಮುಗಿದು ಮರಳು ಶುರುವಾದ ಕಡೆ ನಿಲ್ಲಿಸಿ ನಾಲ್ಕೂ ಟಯರಿನ ಗಾಳಿ ಇಳಿಸಿದೆ. ಮರಳಿನಲ್ಲಿ ಸಿಕ್ಕಿಕೊಳ್ಳದಿರಲು ಇದಕ್ಕಿಂತ ದೊಡ್ಡ ಉಪಾಯವಿಲ್ಲ, ಎಂಜಿನ್ ಶಕ್ತಿ ಆಮೇಲಿನ ಮಾತು.

ನೆರೆಯ ಕಾಲದಲ್ಲಿ ನಕ್ಷೆಯ ದಾರಿ ನಂಬುವಂತಿಲ್ಲ. ಗೇಟಿನ ಸಿಬ್ಬಂದಿಗೆ ಮೊದಲು "ದುಮೆಲಾ, ಮ್ಮಾ" ಎಂದು ನಮಸ್ಕಾರ ಹೇಳಿ, ಅವರ ಕ್ಷೇಮ ಕೇಳಿ, ಆಮೇಲೆ ದಾರಿ ಕೇಳಬೇಕು. ನೇರ ಪ್ರಶ್ನೆಗೆ ಇಳಿಯುವುದು ಅಲ್ಲಿ ಒರಟುತನ. ಮಾತಾಡಿಸಿದರೆ ಯಾವ ಹಾದಿ ಮುಳುಗಿದೆ, ನಿನ್ನೆ ಯಾವ ಗಾಡಿ ಎಲ್ಲಿಂದ ವಾಪಸ್ ಬಂತು ಎಂಬುದೆಲ್ಲ ಸಿಗುತ್ತದೆ. ನೀರು ದಾಟುವಾಗ ನಾನು ಪಾಲಿಸಿದ್ದು ಒಂದೇ ನಿಯಮ: ಎದುರು ದಡದಲ್ಲಿ ಹಸಿ ಟಯರಿನ ಗುರುತು ಕಂಡರೆ ಮಾತ್ರ ಇಳಿಯುವುದು. ಮೊಸಳೆ ಇರುವ ಕಡೆ ಕಾಲಲ್ಲಿ ಇಳಿದು ಆಳ ನೋಡಲಾಗದು.

ಈ ಮೀಸಲು ಅರಣ್ಯ ಸರ್ಕಾರದ ಯೋಚನೆಯಲ್ಲ ಎಂಬುದು ನನಗೆ ಮುಖ್ಯವೆನಿಸಿತು. ಬೇಟೆ ಮಿತಿಮೀರಿದಾಗ ಅಲ್ಲಿನ ಬಟವಾನಾ ಬುಡಕಟ್ಟಿನ ಜನರೇ, ತೀರಿಕೊಂಡ ಅರಸ ಮೂರನೇ ಮೊರೆಮಿಯ ಪತ್ನಿಯ ಮುಂದಾಳತ್ವದಲ್ಲಿ, 1963ರಲ್ಲಿ ತಮ್ಮ ನೆಲವನ್ನು ಬಿಟ್ಟುಕೊಟ್ಟರು. ದೇಶ ಸ್ವತಂತ್ರವಾದದ್ದು 1966ರಲ್ಲಿ. ಈ ಕಥೆಗೆ ಇನ್ನೊಂದು ಮಗ್ಗುಲಿದೆ: ಖ್ವಾಯಿ ನದಿಯ ಬಳಿ ಬದುಕಿದ್ದ ಮೂಲನಿವಾಸಿಗಳಾದ ಸಾನ್ ಜನ ಆಚೆ ದಡಕ್ಕೆ ಹೋಗಬೇಕಾಯಿತು. ನಾಗರಹೊಳೆಯ ಹಾಡಿಗಳ ಕಥೆ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ.

ನೀರು ಬರುವುದನ್ನು ನೋಡಿದ್ದು ಖ್ವಾಯಿ ಕಡೆಯ ಒಂದು ಹುಲ್ಲುಬಯಲಿನಲ್ಲಿ. ನೆರೆ ಎಂದರೆ ನಮಗೆ ಕೃಷ್ಣಾ ತೀರದ ಆರ್ಭಟ ನೆನಪಾಗುತ್ತದೆ. ಇಲ್ಲಿ ಸದ್ದೇ ಇಲ್ಲ. ಬೆರಳುದ್ದದ ಆಳದ ನೀರು, ಮುಂಭಾಗದಲ್ಲಿ ಕಸಕಡ್ಡಿ, ನೊರೆ, ಒಣ ಲದ್ದಿ ತಳ್ಳಿಕೊಂಡು ತೆವಳುತ್ತಿತ್ತು. ನೆಲದ ಬಿರುಕು ಸಿಕ್ಕಲ್ಲಿ ನಿಂತು, ಅದನ್ನು ತುಂಬಿಸಿ, ಮತ್ತೆ ಮುಂದೆ. ಬಿಲಗಳಿಂದ ಮಿಡತೆ, ಜೇಡ, ಚೇಳು ಹೊರಬಿದ್ದು ಓಡುತ್ತಿದ್ದವು. ಕೊಕ್ಕರೆಗಳು ಸಾಲಾಗಿ ನಿಂತು ಒಂದೊಂದನ್ನೇ ಹೆಕ್ಕುತ್ತಿದ್ದವು. ಅರ್ಧ ದಿನ ಗಾಡಿಯಿಂದಿಳಿಯದೆ ಕೂತೆವು. ಅಕ್ಟೋಬರ್ ಬೇಕೆಂದಿದ್ದವಳೇ "ಇನ್ನೊಂದು ಸ್ವಲ್ಪ ಇರೋಣ" ಎಂದಳು. ಅಷ್ಟರಲ್ಲಿ ಎರಡು ಗಾಡಿಗಳು ಚಿರತೆ ಹುಡುಕುತ್ತ ದೂಳೆಬ್ಬಿಸಿ ಹೋದವು.

ಆಮೇಲೆ ಮೊಕೊರೊ. ಹಿಂದೆ ದೊಡ್ಡ ಮರದ ದಿಮ್ಮಿ ಕೊರೆದು ಮಾಡುತ್ತಿದ್ದ ಈ ಕಿರಿದಾದ ದೋಣಿ ಈಗ ಹೆಚ್ಚಾಗಿ ಫೈಬರ್‌ಗ್ಲಾಸಿನದು, ಮರ ಉಳಿಯಲಿ ಎಂದು. ಅಂಬಿಗ ಹಿಂದೆ ನಿಂತು ಉದ್ದನೆಯ ಗಳ ಊರಿ ತಳ್ಳುತ್ತಾನೆ. ನಮ್ಮವನು ಆಳದ ಕಾಲುವೆ ಬಿಟ್ಟು ಜೊಂಡಿನ ನಡುವಿನ ತೆಳು ನೀರಿನಲ್ಲೇ ಸಾಗಿದ, ಏಕೆಂದರೆ ಆಳ ನೀರ್ಗುದುರೆಗಳದ್ದು. ಜೊಂಡಿನಲ್ಲಿ ನೀರು ಹರಿಯುವ ದಾರಿ ತೆರೆದಿಡುವುದೂ ಅವುಗಳೇ.

ಅವನು ತೋರಿಸಿದ್ದರಲ್ಲಿ ನನ್ನನ್ನು ಹಿಡಿದಿಟ್ಟದ್ದು ದ್ವೀಪಗಳು. ಎಷ್ಟೋ ದ್ವೀಪಗಳ ಬುಡದಲ್ಲಿರುವುದು ಹುತ್ತ! ಒಣ ಕಾಲದಲ್ಲಿ ಗೆದ್ದಲು ಕಟ್ಟಿದ ಹುತ್ತದ ತಲೆ ನೆರೆಯಲ್ಲಿ ಮುಳುಗದೆ ಉಳಿಯುತ್ತದೆ. ಹಕ್ಕಿಗಳು ಕೂತು ಬೀಜ ಹಾಕುತ್ತವೆ, ಅತ್ತಿಯ ಜಾತಿಯ ಮರಗಳು ಏಳುತ್ತವೆ. ಆ ಮರಗಳು ನೀರು ಹೀರಿದಾಗ ಉಪ್ಪು ದ್ವೀಪದ ನಡುವೆ ಉಳಿದು ಶೇಖರವಾಗುತ್ತದೆ. ಅದಕ್ಕೇ ದೊಡ್ಡ ದ್ವೀಪಗಳ ನಟ್ಟನಡುವೆ ಬೆಳ್ಳನೆಯ ಬೋಳು ನೆಲ. ಇಷ್ಟು ನೀರು ಆವಿಯಾದರೂ ಸುತ್ತಲಿನದು ಸಿಹಿನೀರಾಗಿಯೇ ಉಳಿಯುವುದರ ಗುಟ್ಟು ಅದು. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ಮನೆಯವನು ನಾನು, ಗೆದ್ದಲಿಗೆ ಕೈಮುಗಿಯಬೇಕೆನಿಸಿದ್ದು ಇದೇ ಮೊದಲು.

ಪ್ರಾಣಿಗಳು ಸಿಗಲಿಲ್ಲವೇ ಎಂದು ಕೇಳುವವರಿಗೆ: ಸಿಕ್ಕವು. ಲೆಚ್ವೆ ಜಿಂಕೆಗಳ ಹಿಂಡು ಮೊಣಕಾಲು ನೀರಿನಲ್ಲಿ ಹಾರುತ್ತ ಓಡುವುದನ್ನು ದಿನವೂ ನೋಡಿದೆವು. ಅಗಲಿಸುವ ಗೊರಸು ಅವುಗಳ ಅನುಕೂಲ, ಸಿಂಹ ಅಷ್ಟು ಸಲೀಸಾಗಿ ಬೆನ್ನಟ್ಟಲಾರದು. ಮೊಪಾನೆ ಕಾಡಿನಲ್ಲಿ, ಮಂದಾರದ ಎಲೆಯಂತೆ ಇಬ್ಭಾಗವಾದ ಎಲೆಗಳ ನೆರಳಲ್ಲಿ, ಆಫ್ರಿಕಾದ ಕಾಡುನಾಯಿಗಳು ಮಲಗಿದ್ದವು. ನಮ್ಮ ಸೀಳುನಾಯಿಗಿಂತ ಎತ್ತರ, ಮೈತುಂಬ ಬಣ್ಣ ಚೆಲ್ಲಿದ ಹಾಗೆ. ಊರಿನ ಕೆರೆಗಳಲ್ಲಿರುವ ಕಪ್ಪುಬಿಳಿ ಮಿಂಚುಳ್ಳಿಯೇ ಅಲ್ಲೂ ಸಿಕ್ಕಿ ಬಹಳ ಖುಷಿಯಾಯಿತು.

ಕ್ಯಾಂಪಿಗೆ ಬೇಲಿ ಇಲ್ಲ. ಕತ್ತಲಾದ ಮೇಲೆ ಮೀಸಲು ಅರಣ್ಯದಲ್ಲಿ ಗಾಡಿ ಓಡಿಸುವಂತಿಲ್ಲ. ಸಂಜೆಯೇ ಅಡುಗೆ ಮುಗಿಸಿ, ಪಾತ್ರೆ ತೊಳೆದು, ಆಹಾರ, ಚಪ್ಪಲಿ ಎಲ್ಲ ಗಾಡಿಯೊಳಗಿಟ್ಟು ಟೆಂಟ್ ಹತ್ತುತ್ತಿದ್ದೆವು. ಕತ್ತೆಕಿರುಬ ಚಪ್ಪಲಿಯನ್ನೂ ಬಿಡುವುದಿಲ್ಲ. ಜುಲೈ ರಾತ್ರಿಗಳು ಕೊರೆಯುವ ಚಳಿ, ಉಣ್ಣೆ ಟೋಪಿ ಕಡ್ಡಾಯ. ಮಲೇರಿಯಾ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ.

ವಾಪಸ್ ಬರುವಾಗ ಪಶುವೈದ್ಯ ಇಲಾಖೆಯ ಬೇಲಿ ದಾಟಬೇಕು. ಕಾಡೆಮ್ಮೆಗಳಿಂದ ದನಗಳಿಗೆ ಕಾಲುಬಾಯಿ ಜ್ವರ ಹರಡಬಾರದೆಂದು ಕಟ್ಟಿದ್ದು, ಗೋಮಾಂಸದ ರಫ್ತು ಅಲ್ಲಿ ದೊಡ್ಡ ಆದಾಯ. ಔಷಧಿ ನೀರಿನಲ್ಲಿ ಎಲ್ಲ ಚಪ್ಪಲಿ ಅದ್ದಿಸಿದರು, ಫ್ರಿಜ್ ತೆರೆಸಿದರು. ಹಸಿ ಮಾಂಸವಿದ್ದರೆ ಅಲ್ಲೇ ಬಿಡಬೇಕು. ನಮ್ಮಲ್ಲಿದ್ದದ್ದು ಅರ್ಧ ಡಬ್ಬ ಚಟ್ನಿಪುಡಿ, ಎರಡು ಟೊಮೆಟೊ. ಅಧಿಕಾರಿಣಿ ಡಬ್ಬ ತೆರೆದು ಮೂಸಿ, ಸೀನಿ, ಹೋಗಿ ಎಂದು ಕೈ ಬೀಸಿದರು.