ಉಲ್ಕೆ ಬಿಲ್ಲೆಯ ಒಳಗಿನ ಗೆರೆ ಎಬ್ಬಿಸುವುದು ಹೇಗೆ

ನಾನು ಮೊದಲು ಎಚಿಂಗ್ ಮಾಡಿದ, ಅಂದರೆ ಆಸಿಡ್ ಹಾಕಿ ಗೆರೆ ಎಬ್ಬಿಸಿದ, ಉಲ್ಕೆ ಬಿಲ್ಲೆಯ ಮೇಲೆ ಇವತ್ತಿಗೂ ನನ್ನ ಹೆಬ್ಬೆಟ್ಟಿನ ಗುರುತಿದೆ. ಉಜ್ಜಿ ಉಜ್ಜಿ ನುಣುಪು ಮಾಡಿದ್ದೆ. ಖುಷಿಗೆ ಒಂದ್ಸಲ ಬರಿಗೈಯಲ್ಲಿ ಎತ್ತಿ ನೋಡಿ, ಹಾಗೇ ಆಸಿಡ್‌ಗೆ ಹಾಕಿದೆ. ಬೆರಳಿನ ಜಿಡ್ಡು ತಾಗಿದ ಕಡೆ ಆಸಿಡ್ ಸರಿಯಾಗಿ ಹಿಡಿಯಲೇ ಇಲ್ಲ. ಚೆಂದದ ಗೆರೆಗಳ ನಡುವೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಹಾಗಿದೆ.

ಈ ಗೆರೆ ನಾವು ಬಿಡಿಸುವುದಲ್ಲ, ಒಳಗೇ ಇರುವುದು. ಕಬ್ಬಿಣ ಮತ್ತು ನಿಕಲ್ ಬೆರೆತ ಬಿಸಿ ಲೋಹ ಕ್ಷುದ್ರಗ್ರಹದ ಒಳಗೆ ಲಕ್ಷಾಂತರ ವರ್ಷ ನಿಧಾನಕ್ಕೆ ಆರುವಾಗ ಎರಡು ಬಗೆಯಾಗಿ ಬೇರೆಯಾಗುತ್ತದೆ. ನಿಕಲ್ ಕಡಿಮೆ ಇರುವುದು ಕಮಸೈಟ್, ಜಾಸ್ತಿ ಇರುವುದು ಟೇನೈಟ್. ಆಸಿಡ್ ಕಮಸೈಟನ್ನು ಬೇಗ ತಿನ್ನುತ್ತದೆ, ಟೇನೈಟ್ ಹೊಳೆಯುತ್ತಾ ಉಳಿಯುತ್ತದೆ. 1804ರಲ್ಲಿ ಇಂಗ್ಲೆಂಡಿನ ಖನಿಜತಜ್ಞ ವಿಲಿಯಂ ಥಾಮ್ಸನ್ ನೈಟ್ರಿಕ್ ಆಸಿಡ್ ಹಾಕಿದಾಗ ಇದನ್ನು ಕಂಡಿದ್ದ. 1808ರಲ್ಲಿ ವಿಯೆನ್ನಾದ ವಿಡ್ಮನ್‌ಸ್ಟಾಟನ್ ಬಿಲ್ಲೆಯನ್ನು ಬೆಂಕಿಯಲ್ಲಿ ಕಾಯಿಸಿ ಕಂಡ. ಹೆಸರು ಮಾತ್ರ ಎರಡನೆಯವನ ಪಾಲಾಯಿತು, ಇದನ್ನು ವಿಡ್ಮನ್‌ಸ್ಟಾಟನ್ ಚಿತ್ತಾರ ಅಂತಲೇ ಕರೆಯುತ್ತಾರೆ!

ಕಬ್ಬಿಣದ ಉಲ್ಕೆ ಅಂದಮಾತ್ರಕ್ಕೆ ಎಲ್ಲದರಲ್ಲೂ ಈ ಚಿತ್ತಾರ ಇರುವುದಿಲ್ಲ. ನಮೀಬಿಯಾದ ಹೋಬಾ ಉಲ್ಕೆಯಂಥ ಅಟಾಕ್ಸೈಟ್‌ಗಳಲ್ಲಿ ನಿಕಲ್ ಜಾಸ್ತಿ, ಕಣ್ಣಿಗೆ ಏನೂ ಕಾಣುವುದಿಲ್ಲ. ನಿಕಲ್ ತೀರಾ ಕಡಿಮೆ ಇರುವ ಹೆಕ್ಸಾಹೆಡ್ರೈಟ್‌ನಲ್ಲಿ ಕೂದಲೆಳೆಯಂಥ ಗೀರು ಮಾತ್ರ. ನಿಮಗೆ ಬೇಕಾದದ್ದು ಇವೆರಡರ ನಡುವಿನ, ಪಟ್ಟಿಪಟ್ಟಿ ಚಿತ್ತಾರ ಇರುವ ಆಕ್ಟಾಹೆಡ್ರೈಟ್. ಮೊದಲ ಸಲಕ್ಕೆ ಸ್ವೀಡನ್ನಿನ ಮುವೊನಿಯೊನಲುಸ್ತಾ ಉಲ್ಕೆ ಒಳ್ಳೆಯದು. ಪಟ್ಟಿಗಳು ಸಣ್ಣವು, ಚಿಕ್ಕ ಬಿಲ್ಲೆಯಲ್ಲೂ ತುಂಬಿಕೊಂಡು ಕಾಣುತ್ತವೆ. ಅರ್ಜೆಂಟೀನಾದ ಕ್ಯಾಂಪೊ ಡೆಲ್ ಸಿಯೆಲೊ ಪಟ್ಟಿಗಳು ದಪ್ಪ, ತುಕ್ಕಿನ ಕಾಟವೂ ಜಾಸ್ತಿ. 1947ರಲ್ಲಿ ರಷ್ಯಾದಲ್ಲಿ ಬಿದ್ದ ಸಿಖೋತೆ ಅಲಿನ್ ತುಂಡು ಸಿಕ್ಕರೆ ದಯವಿಟ್ಟು ಕೊಯ್ಯಬೇಡಿ, ಅದರ ಚೆಂದವೆಲ್ಲ ಹೊರಮೈಯಲ್ಲೇ ಇದೆ. ಎಚಿಂಗ್ ಆಗಿರುವ ಬಿಲ್ಲೆ ಕೊಳ್ಳುವುದಾದರೆ ಅಂಚು ನೋಡಿ. ಅಸಲಿಯಾದರೆ ಅಂಚನ್ನು ಉಜ್ಜಿ ಆಸಿಡ್ ಹಾಕಿದಾಗ ಪಟ್ಟಿ ಅಲ್ಲಿಗೂ ಮುಂದುವರಿದಿರುತ್ತದೆ. ಸ್ಟೀಲ್ ಮೇಲೆ ಲೇಸರ್‌ನಲ್ಲಿ ಕೊರೆದ ನಕಲಿ ಅಲ್ಲೇ ಸಿಕ್ಕಿಬೀಳುತ್ತದೆ.

ನಿಜವಾದ ಕೆಲಸ ಉಜ್ಜುವುದೇ. 120, 220, 400, 600 ನಂಬರಿನ ವಾಟರ್ ಪೇಪರ್ ತಗೊಳ್ಳಿ, ನೀರು ಹಾಕಿಕೊಂಡೇ ಉಜ್ಜಿ. ನಂಬರ್ ಬದಲಿಸಿದಾಗ ದಿಕ್ಕನ್ನೂ ಅಡ್ಡಕ್ಕೆ ತಿರುಗಿಸಿ. ಹಿಂದಿನ ಗೀರು ಪೂರ್ತಿ ಹೋಗುವವರೆಗೆ ಮುಂದಕ್ಕೆ ಹೋಗಬೇಡಿ. ಉಳಿದರೆ ಆಸಿಡ್ ಅದನ್ನೂ ಎತ್ತಿ ತೋರಿಸುತ್ತದೆ. ಕೊನೆಗೆ ಆಲ್ಕೋಹಾಲ್‌ನಲ್ಲಿ ಒರೆಸಿ. ಇನ್ನು ಮೇಲೆ ಗ್ಲೌಸ್ ಇಲ್ಲದೆ ಮುಟ್ಟುವಂತಿಲ್ಲ.

ಗಾಜಿನ ಪಾತ್ರೆಯಲ್ಲಿ 95 ಮಿಲಿ ಎಥನಾಲ್‌ಗೆ 5 ಮಿಲಿ ಗಟ್ಟಿ ನೈಟ್ರಿಕ್ ಆಸಿಡನ್ನು ಸ್ವಲ್ಪಸ್ವಲ್ಪವೇ ಸೇರಿಸಿ. ಯಾವತ್ತೂ ಆಲ್ಕೋಹಾಲ್‌ಗೇ ಆಸಿಡ್, ಉಲ್ಟಾ ಅಲ್ಲ. ಬೇಗ ಆಗಲಿ ಅಂತ ಆಸಿಡ್ ಹೆಚ್ಚಿಸಬೇಡಿ, ಅಪಾಯ. ಗಾಳಿ ಚೆನ್ನಾಗಿ ಆಡುವ ಜಾಗ, ಕಣ್ಣಿಗೆ ಕನ್ನಡಕ, ಆಸಿಡ್ ತಡೆಯುವ ಗ್ಲೌಸ್ ಬೇಕೇ ಬೇಕು. ಹತ್ತಿರ ಬೆಂಕಿ ಇರಬಾರದು. ಮಿಕ್ಕಿದ್ದನ್ನು ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿಡಬೇಡಿ, ಒಳಗೆ ಗ್ಯಾಸ್ ಕಟ್ಟಿ ಸಿಡಿಯಬಹುದು.

ಬಿಲ್ಲೆ ಮುಳುಗಿಸಿ ಮೆತ್ತನೆ ಬ್ರಷ್‌ನಿಂದ ಸವರುತ್ತಾ ಇರಿ. ಮೊದಲು ಹೊಳಪು ಮಂಕಾಗುತ್ತದೆ, ಕೆಟ್ಟುಹೋಯಿತೇನೋ ಅನ್ನಿಸುತ್ತದೆ. ಆಮೇಲೆ ಒಂದು ಮೂಲೆಯಲ್ಲಿ ಓರೆ ಪಟ್ಟಿ, ಅದನ್ನು ದಾಟುವ ಇನ್ನೊಂದು, ನೋಡನೋಡುತ್ತಾ ಚಾಪೆ ಹೆಣೆದ ಹಾಗೆ ಮೈತುಂಬಾ. ಎತ್ತಿ ಬೆಳಕಿಗೆ ವಾಲಿಸಿ. ಈಗ ಕಪ್ಪಾಗಿದ್ದ ಪಟ್ಟಿ ಮರುಕ್ಷಣ ಬೆಳ್ಳಿಯಾದರೆ ಸಾಕು, ನಿಲ್ಲಿಸಿ. ನನಗೆ ಸಾಮಾನ್ಯವಾಗಿ ಕೆಲವೇ ನಿಮಿಷ ಹಿಡಿಯುತ್ತದೆ. ಕಮ್ಮಿಯಾದರೆ ಮತ್ತೆ ಹಾಕಬಹುದು, ಜಾಸ್ತಿಯಾದರೆ ಮತ್ತೆ ವಾಟರ್ ಪೇಪರೇ ಗತಿ.

ತಕ್ಷಣ ಅಡುಗೆ ಸೋಡಾ ಕರಗಿಸಿದ ನೀರಿಗೆ ಹಾಕಿ. ಆಮೇಲೆ ಡಿಸ್ಟಿಲ್ಡ್ ವಾಟರ್, ಆಮೇಲೆ ಹೊಸ ಆಲ್ಕೋಹಾಲ್. ಆಲ್ಕೋಹಾಲ್ ಪೂರ್ತಿ ಆರಿದ ಮೇಲೆ ಮಾತ್ರ 100 ಡಿಗ್ರಿ ಓವನ್‌ನಲ್ಲಿ ಕೆಲವು ಗಂಟೆ ಇಡಿ. ನಾನು ಒಮ್ಮೆ ಅವಸರಕ್ಕೆ ಬಿದ್ದು ಹೇರ್ ಡ್ರೈಯರ್ ಹಿಡಿದು ಮುಗಿಸಿದೆ. ಮೂರು ವಾರಕ್ಕೆ ಬಿರುಕಿನ ಉದ್ದಕ್ಕೂ ತುಕ್ಕಿನ ಕಂದು ಹನಿಗಳು ಜಿನುಗಿದ್ದವು. ಬಿಸಿ ಆರಿದ ಬಿಲ್ಲೆಗೆ ಮಷಿನ್ ಎಣ್ಣೆ ತೆಳ್ಳಗೆ ಸವರಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಉಳಿದ ಆಸಿಡ್‌ನಲ್ಲಿ ನಿಕಲ್ ಕರಗಿರುತ್ತದೆ, ಸಿಂಕ್‌ಗೆ ಸುರಿಯದೆ ರಾಸಾಯನಿಕ ತ್ಯಾಜ್ಯ ತೆಗೆದುಕೊಳ್ಳುವ ಕಡೆಗೆ ಕೊಡಿ.