ಮರಳಿನ ಗೆರೆಯಿಂದ ಮಣಿಸರದವರೆಗೆ

ನಾನು ಮೊದಲು ಕಟ್ಟಿದ ‘ಸಮುದ್ರದ ಸರ’ದಲ್ಲಿ ಲೋಹದ 11 ನಕ್ಷತ್ರಮೀನುಗಳು, ನಾಲ್ಕು ಕವಡೆಗಳು ಮತ್ತು ಒಂದು ಲಂಗರು ಇದ್ದವು, ಉಳಿದದ್ದೆಲ್ಲ ಗಾಢ ನೀಲಿ ಗಾಜಿನ ಮಣಿ. ಮೈಸೂರಿನಲ್ಲಿ ಹುಟ್ಟಿ ಬೆಳೆದು, ಕಡಲನ್ನು ಶಾಲೆಯ ಪ್ರವಾಸದಲ್ಲೊಮ್ಮೆ, ಮದುವೆಯಾದ ಮೇಲೆ ಗೋಕರ್ಣದಲ್ಲೊಮ್ಮೆ ಕಂಡಿದ್ದ ನನಗೆ ಕಡಲೆಂದರೆ ಅಷ್ಟೇ ಆಗಿತ್ತು. ಕುಂದಾಪುರದ ಕಡೆಯವರಾದ ನಮ್ಮ ಅತ್ತಿಗೆಗೆ ಆ ಸರವನ್ನು ಕೊಟ್ಟಾಗ ಅವರು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿ, “ಚೆಂದ ಉಂಟು, ಆದರೆ ಇದು ನಮ್ಮ ಕಡಲಲ್ಲ ಮಾರಾಯ್ತಿ” ಎಂದರು.

ಆ ಮಾತು ಮನಸ್ಸಿನಲ್ಲಿ ಉಳಿದಿದ್ದರಿಂದ, ಎರಡನೆಯ ಸರಕ್ಕೆ ಬೊಂಬೆಗಳನ್ನೆಲ್ಲ ಬಿಟ್ಟು ನೀರನ್ನೇ ತೋರಿಸಬೇಕೆಂದು ಹೊರಟೆ. ಕೈಗೆಟುಕುವ ನೀರೆಂದರೆ ಕೃಷ್ಣರಾಜ ಸಾಗರದ್ದು. ಹೆಸರಿನಲ್ಲಾದರೂ ಸಾಗರವಿದೆಯಲ್ಲ ಎಂದು ಬೇಸಿಗೆಯ ಒಂದು ಭಾನುವಾರ ಹೊಸ ಕನ್ನಂಬಾಡಿಯ ಹಿನ್ನೀರಿನ ದಂಡೆಗೆ ಹೋದೆ. ನೀರು ಇಳಿದ ಕಡೆ ಮಣ್ಣಿನ ಮೇಲೆ ಒಂದರ ಕೆಳಗೊಂದು ಗೆರೆಗಳು ಮೂಡಿದ್ದವು. ಅವುಗಳನ್ನೇ ನೋಡಿಕೊಂಡು ಏಳು ಎಳೆಗಳ ಸರವನ್ನು ಪೋಣಿಸಿದೆ. ನೋಡಿದವರು ಮೆಚ್ಚಿದರು, ಇಬ್ಬರು ಕೊಂಡರು. ಆದರೂ ಅದರಲ್ಲಿ ಅಲೆಯ ಚಲನೆ ಇರಲಿಲ್ಲ. ಏನು ತಪ್ಪಾಗಿದೆ ಎಂದು ತಿಳಿಯಲು ನಾನು ಮಲ್ಪೆಗೆ ಹೋಗಬೇಕಾಯಿತು.

ಹೋಗುವ ಮೊದಲು ಮನೆಯಲ್ಲಿದ್ದ ಮಣಿಗಳಿಂದ ಬಣ್ಣಕ್ಕೊಂದರಂತೆ 24 ಚಿಕ್ಕ ಎಳೆಗಳನ್ನು ಪೋಣಿಸಿ, ಒಂದು ರಟ್ಟಿಗೆ ಕಟ್ಟಿ ಇಟ್ಟುಕೊಂಡಿದ್ದೆ. ಡಿಸೆಂಬರಿನ ಮೂರು ದಿನ ಬೆಳಿಗ್ಗೆ, ಮಧ್ಯಾಹ್ನ ಮತ್ತು ಸಂಜೆ ದಡದಲ್ಲಿ ನಿಂತು ಆ ಎಳೆಗಳನ್ನು ಒಂದೊಂದಾಗಿ ನೀರಿನೆದುರು ಹಿಡಿದು ಹೋಲಿಸಿದೆ. ಬೆಸ್ತರ ಮಕ್ಕಳಿಗೆ ಇದೊಂದು ತಮಾಷೆಯಾಗಿ ಕಂಡಿರಬೇಕು. ನಾನು ದುಡ್ಡು ಕೊಟ್ಟು ತರಿಸಿದ್ದ ಎಂಟು ನೀಲಿಗಳಲ್ಲಿ ಒಂದೇ ಒಂದು, ಅದೂ ನಡುಹಗಲಿನಲ್ಲಿ, ದೂರದ ನೀರಿಗೆ ಹೊಂದಿತು. ದಡದ ಸಮೀಪದ ನೀರಿಗೆ ಹೊಂದಿದ್ದು ಬೂದು ಬೆರೆತ ಹಸಿರು, ಹೊಗೆಬಣ್ಣ, ತೆಳುವಾದ ಕಂದು. ನೊರೆಗೂ ಅಚ್ಚ ಬಿಳಿ ಸರಿಹೋಗಲಿಲ್ಲ. ಒದ್ದೆ ಮರಳಿನ ಮೇಲೆ ಕುಳಿತ ನೊರೆ ಕೆನೆಬಣ್ಣಕ್ಕೆ ಹತ್ತಿರವಾಗಿತ್ತು. ಹೊಳಪಿಲ್ಲದ, ಮೇಲ್ಮೈ ಉಜ್ಜಿದಂತೆ ಕಾಣುವ ಮ್ಯಾಟ್ ಮಣಿಗಳ ಬೆಲೆ ನನಗೆ ಅಲ್ಲಿ ತಿಳಿಯಿತು. ಅಲೆಗಳಿಗೆ ಸಿಕ್ಕು ಸವೆದು ದಡಕ್ಕೆ ಬಿದ್ದ ಒಡೆದ ಬಾಟಲಿಯ ಚೂರಿಗೂ ಅವುಗಳಿಗೂ ಒಂದೇ ಮಂಕು ಕಾಂತಿ.

ಮೂರನೆಯ ದಿನ ಇಳಿತದ ಹೊತ್ತಿನಲ್ಲಿ ಮರಳಿನ ಮೇಲಿನ ಗೆರೆಗಳು ಕಣ್ಣಿಗೆ ಬಿದ್ದವು. ಪ್ರತಿಯೊಂದು ಅಲೆಯೂ ಮೇಲೇರಿ ಹಿಂದೆ ಸರಿಯುವಾಗ, ತಾನು ಮುಟ್ಟಿದ ತುದಿಯಲ್ಲಿ ನೊರೆ, ನುಣುಪು ಮರಳು ಮತ್ತು ಚಿಪ್ಪಿನ ಪುಡಿಯಿಂದಾದ ತೆಳುವಾದ ಕಮಾನೊಂದನ್ನು ಬಿಟ್ಟು ಹೋಗುತ್ತದೆ. ಹಿಂದಿನ ಅಲೆ ಬಿಟ್ಟ ಗೆರೆಯನ್ನು ಮುಂದಿನ ಅಲೆ ತಾನು ಹರಡಿದಷ್ಟು ಜಾಗದಲ್ಲಿ ಅಳಿಸಿಹಾಕುತ್ತದೆ. ಅದು ತಲುಪದ ಕಡೆ ಹಳೆಯ ಗೆರೆ ಹಾಗೆಯೇ ಉಳಿಯುತ್ತದೆ. ಹೀಗಾಗಿ ಎಲ್ಲಕ್ಕಿಂತ ಹೊಸ ಗೆರೆ ಮಾತ್ರ ಪೂರ್ಣ ಕಮಾನಾಗಿರುತ್ತದೆ, ಹಳೆಯವು ಅದರ ಅಂಚಿನವರೆಗೆ ಬಂದು ಅಲ್ಲಿಯೇ ನಿಲ್ಲುತ್ತವೆ. ಒಂದು ಗೆರೆ ಇನ್ನೊಂದನ್ನು ದಾಟಿ ಹೋಗುವುದೇ ಇಲ್ಲ. ಕನ್ನಂಬಾಡಿಯಲ್ಲಿ ನೀರು ದಿನದಿಂದ ದಿನಕ್ಕೆ ನಿಧಾನವಾಗಿ ಇಳಿಯುವುದರಿಂದ ಗೆರೆಗಳು ಹೊಲದ ಸಾಲಿನಂತೆ ಪಕ್ಕಪಕ್ಕದಲ್ಲಿ ಓಡುತ್ತವೆ. ನನ್ನ ಏಳೆಳೆಯ ಸರ ಜಲಾಶಯದ ಸರವೇ ಹೊರತು ಸಮುದ್ರದ್ದಾಗಿರಲಿಲ್ಲ. ಅದನ್ನು ಕೊಂಡ ಇಬ್ಬರಿಗೆ ಈ ವಿಷಯವನ್ನು ನಾನು ಇನ್ನೂ ಹೇಳಿಲ್ಲ.

ಊರಿಗೆ ಬಂದು ಚಿತ್ರ ಬರೆಯಲು ಕುಳಿತಾಗ ಇನ್ನೊಂದು ಪ್ರಶ್ನೆ ಎದುರಾಯಿತು. ದಡದಲ್ಲಿ ಕಮಾನಿನ ಉಬ್ಬು ನೆಲದ ಕಡೆಗಿರುತ್ತದೆ; ಕೊರಳಿನಲ್ಲಿ ತೂಗುವ ಸರದ ಉಬ್ಬು ಕೆಳಗಿರುತ್ತದೆ. ಆದ್ದರಿಂದ ಕಡಲು ಕೊರಳಿನ ಬಳಿ, ನೆಲ ಎದೆಯ ಕಡೆ ಎಂದು ತೀರ್ಮಾನಿಸಿದೆ. ಎಲ್ಲರೂ ಗಾಢ ಬಣ್ಣವನ್ನು ಸರದ ಕೆಳತುದಿಗೆ ಇಡುತ್ತಾರೆ. ನನ್ನದರಲ್ಲಿ ಬೂದುಹಸಿರು ಕೊರಳಿಗೆ ಅಂಟಿಕೊಂಡಿದ್ದು, ಕೆಳಗೆ ಬಂದಂತೆ ತಿಳಿಯಾಗುತ್ತ, ನೊರೆಯ ಅಂಚಿನಲ್ಲಿ ಮುಗಿಯುತ್ತದೆ. ಬಣ್ಣ ಬದಲಾಗುವಲ್ಲಿ ಪಟ್ಟೆ ಕಾಣಬಾರದೆಂದು ಎರಡು ಬಣ್ಣಗಳನ್ನು ತೂಕದಲ್ಲಿ ಮೂರಕ್ಕೆ ಒಂದು, ಸಮಸಮ, ಒಂದಕ್ಕೆ ಮೂರು ಎಂದು ಬೆರೆಸಿ, ಮೂರು ತಟ್ಟೆಗಳಲ್ಲಿಟ್ಟು, ಸೂಜಿಗೆ ಸಿಕ್ಕ ಮಣಿಯನ್ನು ಆರಿಸದೆ ತೆಗೆದುಕೊಳ್ಳುತ್ತೇನೆ. ಆರಿಸಲು ಹೊರಟರೆ ಕೈ ತನಗೆ ತಿಳಿಯದಂತೆ ಒಂದು ಕ್ರಮವನ್ನು ಹಿಡಿದುಬಿಡುತ್ತದೆ.

ಹೆಣಿಗೆಯಲ್ಲಿ ಎರಡು ಸಲ ಸೋತೆ. ಮೊದಲು ಪೆಯೋಟಿ ಹೆಣಿಗೆಯಲ್ಲಿ ಕಟ್ಟಿದೆ; ಇಟ್ಟಿಗೆಯ ಗೋಡೆಯಂತೆ ಮಣಿಗಳು ಒತ್ತಾಗಿ ಕೂರುವ ಈ ಹೆಣಿಗೆ ಬಳೆಗೆ ಚೆನ್ನ, ಕೊರಳಿನಲ್ಲಿ ಮಾತ್ರ ಹಲಗೆಯಂತೆ ನಿಂತಿತು. ಆಮೇಲೆ ಬಲೆ ಹೆಣಿಗೆಗೆ ಬಂದೆ. ಕಣ್ಣುಗಳು ಬಿಡುಬಿಡಾಗಿರುವುದರಿಂದ ಇದು ಬಟ್ಟೆಯಂತೆ ಇಳಿಬೀಳುತ್ತದೆ. ಆದರೆ ಎಲ್ಲ ಸಾಲುಗಳಿಗೂ ಒಂದೇ ಲೆಕ್ಕದ ಮಣಿ ಹಾಕಿದ್ದರಿಂದ ಕೆಳಗಿನ ಅಂಚು ಬಿಗಿದು ಮೇಲಕ್ಕೆ ಮಡಚಿಕೊಂಡಿತು. ಕೊರಳಿನಿಂದ ದೂರ ಸರಿದಂತೆ ಸುತ್ತಳತೆ ಹೆಚ್ಚುತ್ತದೆ ಎಂಬ ಸರಳ ವಿಷಯವನ್ನು ಮರೆತಿದ್ದೆ. ಈಗ ಲೆಕ್ಕ ಹೀಗಿದೆ: 11ನೆಯ ನಂಬರಿನ ಮಣಿ ಇಂಚಿಗೆ ಸುಮಾರು 18 ಕೂರುತ್ತದೆ, ಆದ್ದರಿಂದ 16 ಇಂಚಿನ ತಳದ ಎಳೆಗೆ 288 ಮಣಿ, ಆರು ಮಣಿಗೊಂದು ಕಣ್ಣಿನಂತೆ 48 ಕಣ್ಣುಗಳು. ಪ್ರತಿ ಸಾಲಿನ ಕಣ್ಣಿಗೂ ಹಿಂದಿನ ಸಾಲಿನದಕ್ಕಿಂತ ಎರಡು ಮಣಿ ಹೆಚ್ಚು ಹಾಕಿದರೆ ಬಲೆ ಎದೆಯ ಮೇಲೆ ಸಮವಾಗಿ ಹರಡುತ್ತದೆ. ಮಧ್ಯದ ಹೊಸ ಅಲೆಯನ್ನು ಪೂರ್ತಿ ಕಟ್ಟಿ ಮುಗಿಸಿದ ಮೇಲೆ, ಅದರ ಅಂಚಿನ ಒಂದು ಮಣಿಯಿಂದ ಸೂಜಿಯನ್ನು ಹೊರತೆಗೆದು ಹಳೆಯ ಅಲೆಯನ್ನು ಆರಂಭಿಸುತ್ತೇನೆ. ಮರಳಿನ ಮೇಲೆ ಕಾಲ ನಡೆದದ್ದು ಹಳೆಯದರಿಂದ ಹೊಸದಕ್ಕೆ, ಸೂಜಿ ನಡೆಯುವುದು ಹೊಸದರಿಂದ ಹಳೆಯದಕ್ಕೆ.

ನಂಬರು ಹೆಚ್ಚಾದಂತೆ ಮಣಿ ಚಿಕ್ಕದಾಗುತ್ತದೆ. ನೊರೆಯ ಅಂಚಿಗೆ 15ನೆಯ ನಂಬರಿನದನ್ನು ಬಳಸುತ್ತೇನೆ. ಬಲೆಗೆ ಜಪಾನಿನ ಮಣಿಯೇ ಬೇಕು, ಏಕೆಂದರೆ ಗಾತ್ರದಲ್ಲಿ ಏರುಪೇರಿದ್ದರೆ ಕಣ್ಣುಗಳು ಸೊಟ್ಟಗಾಗುತ್ತವೆ. ನೊರೆಗೆ ಮಾತ್ರ ಸಂತೇಪೇಟೆಯಲ್ಲಿ ತೂಕಕ್ಕೆ ಸಿಗುವ, ಒಂದು ದಪ್ಪ ಒಂದು ಸಣ್ಣ ಇರುವ ಅಗ್ಗದ ಮಣಿಗಳನ್ನು ಬೇಕೆಂದೇ ಬೆರೆಸುತ್ತೇನೆ. ನೊರೆ ಸಮವಾಗಿದ್ದರೆ ಲೇಸಿನಂತೆ ಕಾಣುತ್ತದೆ.

ದಾರದ ಪಾಠವನ್ನು ಕಲಿತದ್ದು ನಂಜನಗೂಡಿನ ಒಂದು ಕಲ್ಯಾಣ ಮಂಟಪದಲ್ಲಿ, ಎಲ್ಲರ ಎದುರಿನಲ್ಲಿ. ನೀರಿನ ಮೇಲಿನ ಬಿಸಿಲಿನ ಮಿನುಗಿಗಾಗಿ ಆ ಸರದಲ್ಲಿ ಉದ್ದನೆಯ ಪೈಪ್ ಮಣಿಗಳನ್ನು ಹಾಕಿದ್ದೆ. ಅವು ಗಾಜಿನ ಕೊಳವೆಯನ್ನು ಕತ್ತರಿಸಿ ಮಾಡಿದವು. ಕತ್ತರಿಸಿದ ಬಾಯಿ ಹರಿತವಾಗಿಯೇ ಉಳಿದಿರುತ್ತದೆ. ನೈಲಾನ್ ದಾರ ಅದಕ್ಕೆ ಉಜ್ಜಿ ಉಜ್ಜಿ, ಸರಿಯಾಗಿ ಧಾರೆಯ ಹೊತ್ತಿಗೆ ಕಡಿಯಿತು. ಅತ್ತಿಗೆಯ ಕೊರಳಿನಿಂದ ಮಣಿಗಳು ಅಕ್ಷತೆಯ ಜೊತೆಗೆ ಉದುರಿದವು. ಊಟದ ಪಂಕ್ತಿಯಲ್ಲಿಯೂ ಯಾರೋ ಎರಡನ್ನು ಹೆಕ್ಕಿ ತಂದುಕೊಟ್ಟರು. ಅಂದಿನಿಂದ ಪೈಪ್ ಮಣಿಯ ಎರಡೂ ತುದಿಗೆ ಒಂದೊಂದು ಗುಂಡು ಮಣಿಯನ್ನು ಕಾವಲಿಗಿಡುತ್ತೇನೆ. ದಾರವನ್ನೂ ಬದಲಿಸಿ, ಮೀನುಗಾರರು ಬಳಸುವ, ಹೆಣೆದ ಗಾಳದ ದಾರದಲ್ಲಿ 0.15 ಮಿಲಿಮೀಟರ್ ದಪ್ಪದ್ದನ್ನು ತರಿಸಿಕೊಂಡೆ. ಸೂಜಿ 12ನೆಯ ನಂಬರಿನದು. ಪಾರದರ್ಶಕ ಮಣಿಯೊಳಗೆ ದಾರದ ಬಣ್ಣ ಕಾಣುವುದರಿಂದ ತಿಳಿ ಭಾಗಕ್ಕೂ ಗಾಢ ಭಾಗಕ್ಕೂ ಬೇರೆ ಬೇರೆ ಬಣ್ಣದ ದಾರ ಬೇಕಾಗುತ್ತದೆ. ಮೈಮೇಲೆ ಪಾರದರ್ಶಕ ಮಣಿ ಒಂದು ಛಾಯೆ ಗಾಢವಾಗುತ್ತದೆ. ಹಾಗಾಗಿ ಬಿಳಿ ಬಟ್ಟೆಯ ಮೇಲಿಟ್ಟು ಬಣ್ಣ ತೀರ್ಮಾನಿಸುವುದನ್ನು ಬಿಟ್ಟು, ನನ್ನ ಮುಂಗೈಯ ಮೇಲೆಯೇ ಇಟ್ಟು ನೋಡುತ್ತೇನೆ.

ಹೊಸ ಬಣ್ಣವನ್ನು ತರಿಸಿದಾಗಲೆಲ್ಲ ಒಂದು ಎಳೆಯನ್ನು ಪೋಣಿಸಿ, ಅದರ ಅರ್ಧವನ್ನು ಕಾಗದದಿಂದ ಮುಚ್ಚಿ, ಮೂರು ವಾರ ತಾರಸಿಯ ಬಿಸಿಲಿಗಿಡುತ್ತೇನೆ. ಒಳಗೆ ಬಣ್ಣ ಬಳಿದ ನೇರಳೆ ಮತ್ತು ಗುಲಾಬಿ ಮಣಿಗಳು ಇದರಲ್ಲಿ ಸಾಮಾನ್ಯವಾಗಿ ಸೋಲುತ್ತವೆ. ಗಾಜಿನಲ್ಲೇ ಬಣ್ಣವಿರುವವು ಗೆಲ್ಲುತ್ತವೆ.

ನಿಜವಾದ ಹವಳವನ್ನು ನಾನು ಬಳಸುವುದಿಲ್ಲ. ದಿಬ್ಬ ಕಟ್ಟುವ ಹವಳಗಳೂ ಕೆಲವು ಬಗೆಯ ಚಿಪ್ಪುಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಪ್ರವಾಸಿ ಜಾಗಗಳಲ್ಲಿ ಮಾರುವ ತುಣುಕು ಯಾವ ಬಗೆಯದೆಂದು ಗುರುತಿಸುವ ವಿದ್ಯೆ ನನಗಿಲ್ಲ. ಹವಳ ಕೇಳುವವರಿಗೆ ಕೆಂಪು ಗಾಜಿನ ಮಣಿಯಲ್ಲಿ ಕವಲೊಡೆಯುವ ಓಲೆ ಮಾಡಿಕೊಡುತ್ತೇನೆ. ಉದ್ದಕ್ಕೆ ಮಣಿ ಪೋಣಿಸಿ, ತುದಿಯ ಮಣಿಯೊಂದನ್ನು ಬಿಟ್ಟು ಹಿಂದಕ್ಕೆ ಬರುತ್ತ, ನಡುನಡುವೆ ಹೊರಕ್ಕೆ ತಿರುಗಿ ಚಿಕ್ಕ ಕೊಂಬೆ ಕಟ್ಟಿ ಮತ್ತೆ ಕಾಂಡಕ್ಕೆ ಸೇರುವುದಷ್ಟೇ ಅದರ ಗುಟ್ಟು. ಮುತ್ತನ್ನು ಬಳಸುತ್ತೇನೆ, ಆದರೆ ಸಿಹಿನೀರಿನದು. ಬೆವರು ಮತ್ತು ಅತ್ತರು ಮುತ್ತಿನ ಹೊಳಪನ್ನು ತಿನ್ನುವುದರಿಂದ, ಅಲಂಕಾರವೆಲ್ಲ ಮುಗಿದ ಮೇಲೆ ಸರ ಹಾಕಿಕೊಂಡು, ಬಂದ ಕೂಡಲೇ ಮೊದಲು ತೆಗೆದು ಒರೆಸಿಡಿ ಎಂದು ಕೊಳ್ಳುವವರಿಗೆ ಹೇಳಿ ಕಳಿಸುತ್ತೇನೆ.

ಒಂದು ಸರದಲ್ಲಿ ಸುಮಾರು 3,400 ಮಣಿಗಳಿದ್ದು ತೂಕ 31 ಗ್ರಾಂ ಆಗುತ್ತದೆ. ಕೈಯಲ್ಲಿ ಬೇರೆ ಕೆಲಸವಿಲ್ಲದಿದ್ದರೆ ಎಂಟು ದಿನ ಬೇಕು. ಹಿತ್ತಾಳೆಯ ಕೊಂಡಿ ಬೆವರಿಗೆ ಹಸಿರಾಗುವುದನ್ನು ಕಂಡು ಅದನ್ನೂ ಕೈಬಿಟ್ಟೆ. ಈಗ ಹಿಂದುಗಡೆ ಒಂದು ಚಿಪ್ಪಿನ ಗುಂಡಿಯನ್ನು ಹೊಲಿದು, ಅದು ಕಷ್ಟಪಟ್ಟು ನುಸುಳುವಷ್ಟೇ ಅಗಲದ ಮಣಿಯ ಕುಣಿಕೆಯನ್ನು ಕಟ್ಟುತ್ತೇನೆ. ಕುಣಿಕೆಯಲ್ಲಿ ದಾರ ಮೂರು ಸಲ ಓಡಿರಬೇಕು. ಕೊನೆಯ ಗಂಟನ್ನು ಅಂಚಿನಲ್ಲಿ ಹಾಕದೆ ಬಲೆಯ ನಡುವೆ ಹಾಕಿ, ದಾರವನ್ನು ಇನ್ನೂ ಹತ್ತು ಹನ್ನೆರಡು ಮಣಿಗಳೊಳಗೆ ಅತ್ತಿತ್ತ ತಿರುಗಿಸಿ ಕತ್ತರಿಸುತ್ತೇನೆ. ನಾಲ್ಕು ವರ್ಷಗಳ ನಂತರ ಅತ್ತಿಗೆಗೆ ಹೊಸ ಸರವನ್ನು ಕೊಟ್ಟೆ. ಅವರು ಅದನ್ನು ತಿರುಗಿಸಿ, ಗುಂಡಿ ಮುಂದೆ ಬರುವಂತೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಹಾಗೆ ಹಾಕಿದರೂ ಅಲೆಗಳು ಎರಡೂ ಹೆಗಲಿನ ಮೇಲೆ ಸರಿಯಾಗಿಯೇ ಬೀಳುತ್ತಿದ್ದುದರಿಂದ ನಾನು ಏನನ್ನೂ ಹೇಳಲಿಲ್ಲ.